ಚಿತ್ರಸುರುಳಿಯ ಮೂಲಪಾಠ

ಶಿಡ್ಲಘಟ್ಟದ ಬೀದಿಗಳಲ್ಲಿ ‘ರೀಲು’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಯವರಿಗೆ ಮೊದಲು ನೆನಪಾಗುವುದು ರೇಷ್ಮೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಬಿಡಿಸಿ, ಹಲವು ಎಳೆಗಳನ್ನು ಕೂಡಿಸಿ ನೂಲನ್ನು ಸುತ್ತುವ ಕಸುಬಿನವರನ್ನು ಅಲ್ಲಿ ರೀಲರುಗಳೆಂದೇ ಕರೆಯುತ್ತಾರೆ. ಇದೇ ಮಾತು ಒಂದು ಕಾಲಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳಂಥ ಊರುಗಳ ಚಿತ್ರಮಂದಿರಗಳಲ್ಲಿಯೂ, ಹಳ್ಳಿಯ ಬಯಲಿನಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸುಗಳಲ್ಲಿಯೂ ಬೇರೊಂದು ಅರ್ಥದಲ್ಲಿ ಕೇಳಿಬರುತ್ತಿತ್ತು. ಆಟದ ನಡುವೆ ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾದರೆ ಸಾಕು, ‘ರೀಲು ಕಟ್ಟಾಯಿತು’ ಎಂಬ ಕೂಗು ನೆಲದ ಟಿಕೆಟ್ಟಿನವರಿಂದ ಏಳುತ್ತಿತ್ತು. ಯಂತ್ರದ ಕೋಣೆಯಲ್ಲಿ ಕುಳಿತವನು ತುಂಡಾದ ಸುರುಳಿಯ ಎರಡು ತುದಿಗಳನ್ನು ಕೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಕೂಡಿಸುತ್ತಿದ್ದನು. ಹಾಗೆ ಕೂಡಿಸುವಾಗ ಕೆಟ್ಟುಹೋದ ನಾಲ್ಕಾರು ಚಿತ್ರಗಳು ಕತ್ತರಿಯ ಪಾಲಾಗುತ್ತಿದ್ದವು. ನೋಡುವವರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಆದರೆ ಆ ಪ್ರತಿ ಮುಂದಿನ ಊರಿಗೆ ಹೋಗುವಾಗ ಅಷ್ಟರಮಟ್ಟಿಗೆ ಮೊಟಕಾಗಿರುತ್ತಿತ್ತು.

ಚಲನಚಿತ್ರವೆಂಬುದು ವಸ್ತುವಾಗಿ ಏನು ಎಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಪರದೆಯ ಮೇಲೆ ಓಡುವಂತೆ ತೋರುವ ಕುದುರೆ ವಾಸ್ತವದಲ್ಲಿ ಓಡುವುದಿಲ್ಲ. ಒಂದು ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೊಂದು ಬೆಳಕಿನ ಮುಂದೆ ಹಾದುಹೋಗುತ್ತವೆ. ಓಟವನ್ನು ಕೂಡಿಸಿಕೊಳ್ಳುವುದು ನಮ್ಮ ಕಣ್ಣು ಮತ್ತು ಮನಸ್ಸು. ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ ಇಂಥ 2,16,000 ಚಿತ್ರಗಳಿರುತ್ತವೆ. 35 ಮಿಲಿಮೀಟರ್ ಅಗಲದ ಆ ಪಟ್ಟಿಯನ್ನು ನೆಲದ ಮೇಲೆ ಹಾಸಿದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದವಾದೀತು. ಅಷ್ಟನ್ನೂ ಒಂದೇ ಸುರುಳಿಯಾಗಿ ಸುತ್ತಲು ಬಾರದು. ಆದುದರಿಂದ ಸಾವಿರ ಸಾವಿರ ಅಡಿಗಳಾಗಿ ವಿಂಗಡಿಸಿ ತಗಡಿನ ಡಬ್ಬಗಳಲ್ಲಿ ಇಡುವುದು ವಾಡಿಕೆಯಾಯಿತು. ಒಂದು ಡಬ್ಬದ ಆಯುಸ್ಸು ಪರದೆಯ ಮೇಲೆ ಸುಮಾರು ಹನ್ನೊಂದು ನಿಮಿಷ. ಹದಿನಾಲ್ಕು ಡಬ್ಬಗಳಲ್ಲಿ ಒಂದು ಕಳೆದುಹೋದರೂ ಕಥೆಯ ನಡುವೆ ಹನ್ನೊಂದು ನಿಮಿಷದ ಹಳ್ಳ ಬೀಳುತ್ತದೆ.

ಈ ಪಟ್ಟಿ ಬಹು ಅಲ್ಪಾಯುಷಿ. ಸುಮಾರು 1950ರವರೆಗೆ ಅದನ್ನು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಅದು ಸಿಡಿಮದ್ದಿನ ಹತ್ತಿರದ ಬಂಧು. ಒಮ್ಮೆ ಹೊತ್ತಿಕೊಂಡಿತೆಂದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಉರಿಯದೆ ಉಳಿದರೂ ವರ್ಷಗಳು ಕಳೆದಂತೆ ಜಿಗುಟಾಗಿ, ಕೊನೆಗೆ ಕಂದುಬಣ್ಣದ ಪುಡಿಯಾಗುತ್ತದೆ. ಆಮೇಲೆ ಬಂದ ಅಸಿಟೇಟ್ ಪಟ್ಟಿಗೆ ಬೆಂಕಿಯ ಭಯ ಕಡಿಮೆ. ಆದರೆ ಸೆಖೆಯಲ್ಲಿಯೂ ತೇವದಲ್ಲಿಯೂ ಇಟ್ಟರೆ ಅದು ಹುಳಿಯುತ್ತದೆ. ಡಬ್ಬದ ಮುಚ್ಚಳ ತೆಗೆದೊಡನೆ ವಿನೆಗರಿನ ಘಾಟು ಮೂಗಿಗೆ ಬಡಿಯುತ್ತದೆ. ಪಟ್ಟಿ ಕುಗ್ಗಿ, ಸುರುಟಿ, ಅಂಚಿನ ರಂಧ್ರಗಳು ಯಂತ್ರದ ಹಲ್ಲುಗಳಿಗೆ ಹೊಂದದಂತಾಗುತ್ತವೆ. ಒಂದು ಡಬ್ಬದಿಂದ ಹೊರಟ ಆಮ್ಲದ ಆವಿ ಪಕ್ಕದ ಡಬ್ಬಕ್ಕೂ ಅದೇ ರೋಗವನ್ನು ತಗುಲಿಸುತ್ತದೆ. ಬಣ್ಣದ ಚಿತ್ರಗಳ ಪಾಡು ಬೇರೆ: ಅವುಗಳಲ್ಲಿನ ನೀಲಿ, ಹಸಿರು ಮೊದಲು ಮಾಸಿ, ನಾಯಕನ ಮುಖವೂ ಹೊಲವೂ ಆಕಾಶವೂ ಒಂದೇ ಕೆಂಪಿಗೆ ತಿರುಗುತ್ತವೆ.

ನಮ್ಮ ನಾಡಿನ ಓಲೆಗರಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಪಂಪನು ಹತ್ತನೆಯ ಶತಮಾನದಲ್ಲಿ ರಚಿಸಿದ ಭಾರತವು ಗರಿಯಿಂದ ಗರಿಗೆ ನಕಲಾಗುತ್ತ ಬಂದು, 1898ರಲ್ಲಿ ಬಿ. ಎಲ್. ರೈಸ್ ಅವರಿಂದ ಅಚ್ಚಾಗಿ, ಇಂದಿಗೂ ಓದಲು ಸಿಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ವೈ. ವಿ. ರಾವ್ ಅದರ ನಿರ್ದೇಶಕರು. ಕೊಲ್ಲಾಪುರದ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣ ನಡೆಯಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಾಹಿತ್ಯ ರಚಿಸಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. ಬೆಂಗಳೂರಿನ ಜನ ವಾರಗಟ್ಟಲೆ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದೇ ವರ್ಷ ತೆರೆಗೆ ಬಂದ ‘ಭಕ್ತ ಧ್ರುವ’ವೂ ಇಲ್ಲ. ಸಾವಿರ ವರ್ಷದ ಹಿಂದಿನ ಕವಿಯ ಮಾತು ನಮಗೆ ಕೇಳಿಸುತ್ತದೆ. ನಮ್ಮ ಮುತ್ತಜ್ಜಂದಿರ ಕಾಲದ ನಟರ ಮೊದಲ ಕನ್ನಡ ಮಾತು ಕೇಳಿಸುವುದಿಲ್ಲ.

ಇದಕ್ಕೆ ಪಟ್ಟಿಯ ದೌರ್ಬಲ್ಯವೊಂದೇ ಕಾರಣವೆನ್ನಲಾಗದು. ಓಲೆಗರಿಯನ್ನು ನಮ್ಮ ಹಿರಿಯರು ಪೂಜೆಯ ಕೋಣೆಯಲ್ಲಿಟ್ಟರು. ಚಿತ್ರಸುರುಳಿಯನ್ನು ಸರಕೆಂದು ತಿಳಿದರು. ಚಿತ್ರವು ದೊಡ್ಡ ನಗರದಲ್ಲಿ ಓಡಿ, ಸಣ್ಣ ಪಟ್ಟಣಗಳಲ್ಲಿ ಓಡಿ, ಕೊನೆಗೆ ಡೇರೆಗಳಲ್ಲಿ ಓಡುವ ಹೊತ್ತಿಗೆ ಪ್ರತಿಯ ಮೈಯೆಲ್ಲ ಗೀರಾಗಿ, ಪರದೆಯ ಮೇಲೆ ಜಡಿಮಳೆ ಸುರಿದಂತೆ ಕಾಣುತ್ತಿತ್ತು. ಅಲ್ಲಿಗೆ ಅದರ ಬೆಲೆ ತೀರಿತು. ಕಪ್ಪುಬಿಳುಪಿನ ಪಟ್ಟಿಯಲ್ಲಿ ಬೆಳ್ಳಿಯ ಅಂಶವಿರುವುದರಿಂದ ಹಳೆಯ ಸುರುಳಿಗಳನ್ನು ತೂಕಕ್ಕೆ ಕೊಂಡು, ತೊಳೆದು, ಬೆಳ್ಳಿಯನ್ನು ತೆಗೆಯುವವರಿದ್ದರು. ಉಳಿದ ಪಟ್ಟಿಯಿಂದ ಬಳೆಗಳನ್ನೂ ಕೈಚೀಲಗಳನ್ನೂ ಮಾಡುತ್ತಿದ್ದರು. ಯಾವ ಚಿತ್ರದ ಯಾವ ದೃಶ್ಯ ಯಾರ ಮುಂಗೈಯ ಬಳೆಯಾಯಿತೋ ಹೇಳುವವರಾರು? ಭಾರತದಲ್ಲಿ ತಯಾರಾದ ಮೂಕಿಚಿತ್ರಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಅವುಗಳಲ್ಲಿ ಇಂದು ಉಳಿದಿರುವುದು ಮೂವತ್ತರ ಆಸುಪಾಸು. ಅವುಗಳಲ್ಲಿಯೂ ಹಲವು ಬರಿಯ ತುಂಡುಗಳು.

ಉಳಿದುಬಂದ ಚಿತ್ರಗಳಲ್ಲಿ ಇನ್ನೊಂದು ತೊಡಕುಂಟು. ಒಂದೇ ಚಿತ್ರದ ಎರಡು ಪ್ರತಿಗಳು ಒಂದೇ ಆಗಿರುವುದಿಲ್ಲ. ಒಂದರಲ್ಲಿ ಹಾಡು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಆಟ ಬೇಗ ಮುಗಿಯಲೆಂದು ಚಿತ್ರಮಂದಿರದವರೇ ದೃಶ್ಯವನ್ನು ತೆಗೆದಿರಬಹುದು. ಹಂಚಿಕೆದಾರರು ಎರಡನೆಯ ಬಿಡುಗಡೆಗಾಗಿ ಕತ್ತರಿಸಿರಬಹುದು. ದೂರದರ್ಶನದ ವೇಳೆಗೆ ಹೊಂದಿಸಲು ಮೊಟಕುಗೊಳಿಸಿರಬಹುದು. ಇವುಗಳಲ್ಲಿ ಮೂಲ ಯಾವುದು? ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರು ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಬಿಟ್ಟುಹೋದುದನ್ನು ಇನ್ನೊಂದರಿಂದ ತುಂಬಿ, ಯಾರೋ ನಡುವೆ ಸೇರಿಸಿದುದನ್ನು ಪ್ರಕ್ಷಿಪ್ತವೆಂದು ಬೇರ್ಪಡಿಸಿ, ಕವಿಯ ಪಾಠಕ್ಕೆ ಆದಷ್ಟು ಹತ್ತಿರ ಹೋಗುತ್ತಿದ್ದರು. ಹಳೆಯ ಚಿತ್ರವನ್ನು ಉದ್ಧರಿಸುವ ಕೆಲಸವೂ ಗ್ರಂಥಸಂಪಾದನೆಯೇ. ವ್ಯತ್ಯಾಸವಿಷ್ಟೆ: ಇಲ್ಲಿ ಮೊದಮೊದಲು ದುಡಿದವರಲ್ಲಿ ಹೆಚ್ಚಿನವರು ಪಂಡಿತರಲ್ಲ, ಚಿತ್ರಗಳನ್ನು ಪ್ರೀತಿಸಿದ ಸಾಮಾನ್ಯ ಪ್ರೇಕ್ಷಕರು.

ಅಭಿಮಾನಿ ಎಂದೊಡನೆ ಹಾರ, ಪಟಾಕಿ, ಜಯಕಾರಗಳೇ ಕಣ್ಣಮುಂದೆ ಬರುವುದುಂಟು. ಅದು ಅಭಿಮಾನದ ಒಂದು ಮುಖ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟುಕೊಂಡವನು ಇನ್ನೊಂದು ಬಗೆಯ ಅಭಿಮಾನಿ. ಆ ತೆಳ್ಳನೆಯ ಪುಸ್ತಕದಲ್ಲಿ ನಟರ ಹೆಸರುಗಳಿರುತ್ತಿದ್ದವು, ಕುತೂಹಲ ಕೆರಳಿಸಿ ಅರ್ಧಕ್ಕೆ ನಿಲ್ಲಿಸಿದ ಕಥೆಯಿರುತ್ತಿತ್ತು, ಹಾಡುಗಳ ಪೂರ್ಣಪಾಠವಿರುತ್ತಿತ್ತು. ಇಂದು ಒಂದು ಪ್ರತಿಯಲ್ಲಿ ಎಂಟು ಹಾಡುಗಳು ಮಾತ್ರ ಇದ್ದು ಪುಸ್ತಕದಲ್ಲಿ ಹತ್ತು ಇದ್ದರೆ, ಎರಡು ಕಳೆದಿರಬಹುದೆಂಬ ಸುಳಿವು ಅಲ್ಲಿ ಸಿಗುತ್ತದೆ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದವನ್ನೂ ಸುರುಳಿಗಳ ಸಂಖ್ಯೆಯನ್ನೂ ನಮೂದಿಸುವುದರಿಂದ ಕಳೆದುಹೋದುದರ ಅಳತೆಯೂ ತಿಳಿಯುತ್ತದೆ. ಗ್ರಾಮೊಫೋನ್ ತಟ್ಟೆಗಳನ್ನು ಸಂಗ್ರಹಿಸಿದವರಿಂದ ಆ ಹಾಡುಗಳ ಧ್ವನಿ ದೊರೆಯಬಹುದು. ದೂರದರ್ಶನದಲ್ಲಿ ಬಂದ ಚಿತ್ರವನ್ನು ಮನೆಯಲ್ಲಿಯೇ ಕ್ಯಾಸೆಟ್ಟಿಗೆ ಇಳಿಸಿಕೊಂಡವರಿದ್ದಾರೆ. ಬೇರೆ ಆಧಾರವಿಲ್ಲದಾಗ ಆ ಮಸುಕು ಪ್ರತಿಯೂ ಬಂಗಾರ. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಚಿತ್ರವನ್ನು ಹತ್ತು ಸಲ ನೋಡಿದವನ ನೆನಪು. ‘ಇಲ್ಲಿ ಒಂದು ದೃಶ್ಯವಿತ್ತಲ್ಲ’ ಎಂದು ಕೇಳಬಲ್ಲವನು ಅವನೊಬ್ಬನೇ.

ಅಂಥ ಒಂದು ನೆನಪಿನಿಂದ ಜಗತ್ತಿನ ಒಂದು ಮಹಾಚಿತ್ರ ಮರಳಿ ಸಿಕ್ಕಿತು. ಜರ್ಮನಿಯ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಮೆಟ್ರೊಪೊಲಿಸ್’ 1927ರಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಕೆಲವೇ ತಿಂಗಳಲ್ಲಿ ಬಹುವಾಗಿ ಕತ್ತರಿಸಲ್ಪಟ್ಟಿತು. ಸುಮಾರು ಕಾಲುಭಾಗ ಶಾಶ್ವತವಾಗಿ ಕಳೆದುಹೋಯಿತೆಂದೇ ಎಲ್ಲರೂ ನಂಬಿದ್ದರು. ಆದರೆ ಕತ್ತರಿ ಬೀಳುವ ಮುನ್ನವೇ ಒಂದು ಪ್ರತಿ ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶಕ್ಕೆ ಹೋಗಿತ್ತು. ಅಲ್ಲಿಯ ಚಿತ್ರವಿಮರ್ಶಕರೊಬ್ಬರು ಅದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡರು. ಬಹುಕಾಲದ ನಂತರ ಒಂದು ಚಿತ್ರಸಂಘದಲ್ಲಿ ಅದನ್ನು ತೋರಿಸಿದಾಗ, ಸುರುಳಿ ಕುಗ್ಗಿ ಜಾರುತ್ತಿದ್ದುದರಿಂದ ಯಂತ್ರ ನಡೆಸುವವರು ಎರಡು ಗಂಟೆಗೂ ಹೆಚ್ಚು ಹೊತ್ತು ಅದನ್ನು ಬೆರಳಿನಿಂದ ಒತ್ತಿ ಹಿಡಿದು ನಿಲ್ಲಬೇಕಾಯಿತಂತೆ. ಈ ಮಾತು ಮತ್ತೊಬ್ಬ ಸಂಗ್ರಾಹಕರ ಕಿವಿಗೆ ಬಿತ್ತು. ತಾವು ಬಲ್ಲ ಚಿತ್ರ ಅಷ್ಟು ದೀರ್ಘವಲ್ಲವಲ್ಲ ಎಂದು ಅವರಿಗೆ ಅನ್ನಿಸಿತು. ಆ ಒಂದು ಅನುಮಾನದ ಬೆನ್ನು ಹತ್ತಿ ಹೋದಾಗ, 2008ರಲ್ಲಿ ಬ್ಯೂನಸ್ ಐರಿಸ್ ನಗರದ ಚಲನಚಿತ್ರ ವಸ್ತುಸಂಗ್ರಹಾಲಯದಲ್ಲಿ ಕಳೆದ ದೃಶ್ಯಗಳು ಸಿಕ್ಕಿದವು. 16 ಮಿಲಿಮೀಟರಿಗೆ ಇಳಿಸಿದ, ಗೀರುಗಳಿಂದ ತುಂಬಿದ ಪ್ರತಿ ಅದು. 2010ರಲ್ಲಿ ಆ ಭಾಗಗಳನ್ನು ಸೇರಿಸಿ ಚಿತ್ರವನ್ನು ಪುನಃ ತೋರಿಸಿದರು. ಸೇರಿಸಿದ ಭಾಗಗಳಲ್ಲಿ ಗೀರುಗಳು ಇಂದಿಗೂ ಕಾಣುತ್ತವೆ. ಇದ್ದುದನ್ನು ಇದ್ದ ಹಾಗೆ ತೋರಿಸಿದ್ದರಿಂದ ಎಲ್ಲಿ ಹೊಲಿಗೆಯಿದೆಯೆಂಬುದು ನೋಡುವವನಿಗೆ ಗೊತ್ತಾಗುತ್ತದೆ.

ಮೂಲವನ್ನು ಬದಲಿಸಿದವರು ಸ್ವತಃ ಅದರ ಕರ್ತೃವೇ ಆದರೆ ಏನು ಮಾಡುವುದು? ಅಮೆರಿಕದಲ್ಲಿ 1977ರಲ್ಲಿ ತೆರೆಗೆ ಬಂದ ‘ಸ್ಟಾರ್ ವಾರ್ಸ್’ ಚಿತ್ರವನ್ನು ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ 1997ರಲ್ಲಿ ಹೊಸ ದೃಶ್ಯ, ಹೊಸ ಜೀವಿಗಳನ್ನು ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ಬಾಲ್ಯದಲ್ಲಿ ತಾವು ಕಂಡ ಚಿತ್ರವೇ ಬೇಕೆಂದು ಅಭಿಮಾನಿಗಳು ಹಟ ಹಿಡಿದರು. ಚಿತ್ರಮಂದಿರಗಳಲ್ಲಿ ಓಡಿದ್ದ ಹಳೆಯ 35 ಮಿಲಿಮೀಟರ್ ಪ್ರತಿಗಳನ್ನು ಹುಡುಕಿ ತಂದು, ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿ, ಧೂಳು ಗೀರುಗಳನ್ನು ಅಳಿಸಿ, ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದು 1977ರ ರೂಪವನ್ನು ಮತ್ತೆ ಕಟ್ಟಿದರು. ಹಕ್ಕುದಾರರ ಅನುಮತಿಯಿಲ್ಲದ ಕೆಲಸವಾದ್ದರಿಂದ ಅದು ಕಾನೂನಿಗೆ ಒಪ್ಪುವಂಥದಲ್ಲ. ಆದರೂ ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು: ಜನ ಒಮ್ಮೆ ನೋಡಿ ತಮ್ಮದಾಗಿಸಿಕೊಂಡ ಕೃತಿಯನ್ನು ಇಲ್ಲವಾಗಿಸುವ ಅಧಿಕಾರ ಯಾರಿಗಾದರೂ ಉಂಟೆ?

ಈ ಪ್ರಶ್ನೆ ನಮ್ಮ ಊರುಗಳಿಗೆ ದೂರದ್ದಲ್ಲ. ಗಡಿನಾಡಾದ ಚಿಂತಾಮಣಿ, ಗೌರಿಬಿದನೂರುಗಳ ಕಡೆ ಕನ್ನಡ, ತೆಲುಗು ಎರಡೂ ಮನೆಮಾತು. ಎರಡು ಭಾಷೆಯ ಚಿತ್ರಗಳೂ ಅಲ್ಲಿಯವರಿಗೆ ತಮ್ಮವೇ. 1957ರ ತೆಲುಗು ‘ಮಾಯಾಬಜಾರ್’ ಕಪ್ಪುಬಿಳುಪಿನದು. 2010ರಲ್ಲಿ ಅದಕ್ಕೆ ಬಣ್ಣ ತುಂಬಿ ಬಿಡುಗಡೆ ಮಾಡಿದಾಗ ಮೂಲದ ಕೆಲವು ಭಾಗಗಳನ್ನು ಕೈಬಿಟ್ಟರು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ, ರಾಜ್‌ಕುಮಾರ್ ಅಭಿನಯಿಸಿದ ‘ಸತ್ಯ ಹರಿಶ್ಚಂದ್ರ’ 1965ರದು. ಅದು 2008ರಲ್ಲಿ ಬಣ್ಣ ತೊಟ್ಟು ಬಂದಿತು. 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಂದಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಮೊದಲೇ ಬಣ್ಣದ್ದಾಗಿದ್ದರಿಂದ ಅದರ ಅಗಲ ಬದಲಾಯಿತು. 1972ರಲ್ಲಿ ಕನ್ನಡ ಚಿತ್ರಗಳಿಗೆ ಸಿನಿಮಾಸ್ಕೋಪ್ ಇನ್ನೂ ಬಂದಿರಲಿಲ್ಲ. 2018ರ ಮರುಬಿಡುಗಡೆಯಲ್ಲಿ ಅದನ್ನು ಅಗಲ ಪರದೆಗೆ ಹಿಗ್ಗಿಸಿ, ಹೊಸ ಬಗೆಯ ಧ್ವನಿಯನ್ನೂ ಅಳವಡಿಸಿದರು.

ಈ ಬಿಡುಗಡೆಗಳಿಂದ ಹೊಸ ತಲೆಮಾರಿನ ಮಕ್ಕಳು ಹಳೆಯ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡುವಂತಾಯಿತು. ಹಳಬರು ಕಣ್ಣೀರು ಒರೆಸಿಕೊಂಡು ಹೊರಬಂದರು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬಣ್ಣ ತುಂಬುವುದಕ್ಕೆ ಜೀರ್ಣೋದ್ಧಾರವೆಂದು ಹೆಸರಿಡುವುದು ಸರಿಯಲ್ಲ. ಕಪ್ಪುಬಿಳುಪಿನಲ್ಲಿ ಕೆಲಸ ಮಾಡುವ ಛಾಯಾಗ್ರಾಹಕನು ಬಣ್ಣವಿಲ್ಲವೆಂದು ಕೊರಗಿ ಕೂಡುವವನಲ್ಲ; ನೆರಳು ಬೆಳಕುಗಳಲ್ಲಿಯೇ ಯೋಚಿಸುವವನು. ಸ್ಮಶಾನದ ಕತ್ತಲೆಯಲ್ಲಿ ಹರಿಶ್ಚಂದ್ರನ ಮುಖದ ಮೇಲೆ ಎಷ್ಟು ಬೆಳಕು ಬೀಳಬೇಕೆಂದು ಲೆಕ್ಕ ಹಾಕಿದವನು ಅವನು. ಅದರಂತೆಯೇ ಚೌಕವಾಗಿ ತೆಗೆದ ಚಿತ್ರವನ್ನು ಅಗಲ ಪರದೆಗೆ ತುಂಬಿಸಬೇಕಾದರೆ ಮೇಲಿನ, ಕೆಳಗಿನ ಅಂಚುಗಳನ್ನು ಕತ್ತರಿಸಬೇಕು, ಇಲ್ಲವೆ ಆಕಾರವನ್ನು ಎಳೆಯಬೇಕು. ಚಿತ್ರದುರ್ಗದ ಕೋಟೆಯ ನೆತ್ತಿಯನ್ನು ಚೌಕಟ್ಟಿನ ಯಾವ ಎತ್ತರಕ್ಕೆ ನಿಲ್ಲಿಸಬೇಕೆಂಬುದು ನಿರ್ದೇಶಕನ ತೀರ್ಮಾನವಾಗಿತ್ತು. ಹೊಸ ರೂಪ ಬರುವುದಾದರೆ ಬರಲಿ. ಹಳೆಯದನ್ನು ಬೇಕೆಂದವನಿಗೆ ಅದು ಇದ್ದ ಹಾಗೆಯೇ ಸಿಗಬೇಕು. ಹೊಸದು ಬಂದಿತೆಂದು ಮೂಲದ ನೆಗೆಟಿವನ್ನು ಮೂಲೆಗೆ ಎಸೆದರೆ ಹಾನಿ ತುಂಬಿಬರುವಂಥದಲ್ಲ.

ಮೂಲವನ್ನು ಕಾಯುವ ಕೆಲಸಕ್ಕಾಗಿ ಭಾರತ ಸರ್ಕಾರವು 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸ್ಥಾಪಿಸಿತು. ಅದನ್ನು ಕಟ್ಟಿ ಬೆಳೆಸಿದವರು ಪಿ. ಕೆ. ನಾಯರ್. ತಿರುವನಂತಪುರದ ಈ ಹುಡುಗ ಬಾಲ್ಯದಲ್ಲಿ ತಾನು ನೋಡಿದ ಚಿತ್ರಗಳ ಟಿಕೆಟ್ಟಿನ ಚೂರುಗಳನ್ನು ಕೂಡಿಡುತ್ತಿದ್ದನಂತೆ. ಮುಂದೆ ಡಬ್ಬಗಳನ್ನು ಕೂಡಿಡುವುದೇ ಅವರ ಬಾಳಾಯಿತು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’, ‘ಕಾಳಿಯ ಮರ್ದನ’ ಚಿತ್ರಗಳ ಉಳಿದ ಭಾಗಗಳು ಇಂದು ನಮಗೆ ದೊರೆತಿರುವುದು ಅವರ ಅಲೆದಾಟದ ಫಲ. 1991ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಸುಮಾರು 12,000 ಚಿತ್ರಗಳು ಅಲ್ಲಿ ಸೇರಿದ್ದವು. 2012ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರ ತೆಗೆದ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು ಎರಡು ವರ್ಷಗಳ ತರುವಾಯ ಮುಂಬಯಿಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಎಂಬ ಖಾಸಗಿ ಸಂಸ್ಥೆಯನ್ನು ಆರಂಭಿಸಿದರು. ಸಂಗ್ರಹಾಲಯವಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದೂ ಹೇಳುವಂತಿಲ್ಲ. 2003ರ ಜನವರಿಯಲ್ಲಿ ಪುಣೆಯ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಚಿತ್ರಗಳ ನೈಟ್ರೇಟ್ ಸುರುಳಿಗಳು ಬೂದಿಯಾದವು.

ಇಷ್ಟೆಲ್ಲ ನಷ್ಟದ ನಡುವೆ ಕನ್ನಡಕ್ಕೆ ದೊರೆತ ಒಂದು ಲಾಭವನ್ನು ನೋಡೋಣ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಚಿತ್ರ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ. ಮುಂಬಯಿಯ ಅದೇ ಸಂಸ್ಥೆಯೂ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ವಿಶ್ವ ಸಿನಿಮಾ ಯೋಜನೆಯೂ ಕೂಡಿ, ಇಟಲಿಯ ಬೊಲೊನ್ಯ ನಗರದ ಪ್ರಯೋಗಾಲಯದಲ್ಲಿ ಇದರ ಜೀರ್ಣೋದ್ಧಾರ ಮಾಡಿಸಿದುವು. ಇಂಥ ಕೆಲಸದಲ್ಲಿ ಮೊದಲು ಸುರುಳಿಯ ಹರಕುಗಳನ್ನು ಕೈಯಿಂದಲೇ ಹೊಂದಿಸಿ, ತೊಳೆದು, ಆಮೇಲೆ ಪ್ರತಿಯೊಂದು ಚೌಕಟ್ಟನ್ನೂ ಬಿಂಬವಾಗಿ ಯಂತ್ರಕ್ಕೆ ಇಳಿಸುತ್ತಾರೆ. ಗೀರು ಯಾವುದು, ಮಳೆಯ ಹನಿ ಯಾವುದು ಎಂಬುದನ್ನು ಯಂತ್ರ ತಾನಾಗಿ ತಿಳಿಯಲಾರದು. ಹೆಚ್ಚು ತೊಳೆದರೆ ಮುಖದ ಸುಕ್ಕೂ ಮಾಯವಾದೀತು. ಆದುದರಿಂದ ಚಿತ್ರವನ್ನು ತೆಗೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕತ್ತಲೆ ಎಷ್ಟಿತ್ತು, ಬೆಳಕು ಎಷ್ಟಿತ್ತು ಎಂದು ಕೇಳಿ ತಿಳಿಯುವುದುಂಟು. ‘ಘಟಶ್ರಾದ್ಧ’ದ ವಿಷಯದಲ್ಲಿ ಕಾಸರವಳ್ಳಿಯವರೇ ಜೊತೆಗಿದ್ದರು. ಯಾರೂ ಅದಕ್ಕೆ ಬಣ್ಣ ಬಳಿಯಲಿಲ್ಲ. 2024ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರೇಕ್ಷಕರು ಅದನ್ನು ಕಪ್ಪುಬಿಳುಪಿನಲ್ಲಿಯೇ ನೋಡಿದರು.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದಲ್ಲಿ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಅದರಂತೆ ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ದ ಹಕ್ಕಿನ ಅವಧಿ 2014ರ ಕೊನೆಗೆ ಮುಗಿಯಿತು, ಒಳಗಿನ ಕಥೆ, ಗೀತೆ, ಸಂಗೀತಗಳ ಹಕ್ಕಿನ ಲೆಕ್ಕ ಬೇರೆ. ಅವಧಿ ಮುಗಿದ ಚಿತ್ರವನ್ನು ಅಭಿಮಾನಿಗಳು ನಿರ್ಭಯವಾಗಿ ಉದ್ಧರಿಸಬಹುದೆಂದು ತೋರುತ್ತದೆ. ಆದರೆ ಸೆಖೆಯ ಗೋದಾಮಿನಲ್ಲಿ ಬಿದ್ದ ಸುರುಳಿ ಅರವತ್ತು ವರ್ಷ ಕಾಯುವುದಿಲ್ಲ. ಕಾನೂನು ಕೈಬಿಡುವ ಹೊತ್ತಿಗೆ ಡಬ್ಬದೊಳಗೆ ಹುಳಿಯ ವಾಸನೆಯೊಂದೇ ಉಳಿದಿರುವುದುಂಟು.

‘ಸತಿ ಸುಲೋಚನ’ದ ಡಬ್ಬಗಳು ಎಲ್ಲಿಯೂ ಇಲ್ಲವೆಂದು ಆಣೆಯಿಟ್ಟು ಹೇಳುವವರಾರೂ ಇಲ್ಲ. ಮೆಟ್ರೊಪೊಲಿಸ್ ಎಂಬತ್ತೊಂದು ವರ್ಷಗಳ ಮೇಲೆ ಸಿಕ್ಕಿತು. ಮುಚ್ಚಿಹೋದ ಚಿತ್ರಮಂದಿರಗಳ ಯಂತ್ರದ ಕೋಣೆಗಳು, ಹಂಚಿಕೆದಾರರ ಹಳೆಯ ಮನೆಗಳ ಅಟ್ಟಗಳು, ಗುಜರಿ ಅಂಗಡಿಗಳ ಮೂಲೆಗಳು ಇನ್ನೂ ಪೂರ್ತಿ ಶೋಧನೆಗೊಂಡಿಲ್ಲ. ಚಿಕ್ಕಬಳ್ಳಾಪುರದಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ ನಿಮ್ಮ ಕಣ್ಣಿಗೆ ದುಂಡನೆಯ ಚಪ್ಪಟೆ ತಗಡಿನ ಡಬ್ಬವೊಂದು ಬಿದ್ದರೆ ಅದನ್ನು ಬಿಸಿಲಿನಲ್ಲಿ ತೆರೆಯಬೇಡಿ; ದೀಪದ ಬಳಿಗೆ ಒಯ್ಯಬೇಡಿ. ಅದು ನೈಟ್ರೇಟ್ ಆಗಿದ್ದರೆ ಒಂದು ಕಿಡಿ ಸಾಕು. ಸುರುಳಿಯನ್ನು ಎಳೆದು ಬಿಚ್ಚಿ ನೋಡುವ ಆತುರವೂ ಬೇಡ. ಅಂಟಿಕೊಂಡ ಪದರಗಳು ಚಿತ್ರದ ಸಮೇತ ಕಿತ್ತುಬರುತ್ತವೆ. ಮುಚ್ಚಳದ ಮೇಲಿನ ಚೀಟಿಯನ್ನು ಓದಿ, ಹೆಸರನ್ನೂ ಸುರುಳಿಯ ಸಂಖ್ಯೆಯನ್ನೂ ಬರೆದುಕೊಳ್ಳಿ. ಡಬ್ಬವನ್ನು ತಂಪಾದ, ತೇವವಿಲ್ಲದ ಜಾಗದಲ್ಲಿ, ಬೇರೆ ಡಬ್ಬಗಳಿಂದ ದೂರವಾಗಿ ಇಡುವಂತೆ ಹಿರಿಯರಿಗೆ ಹೇಳಿ. ಆಮೇಲೆ ನಿಮ್ಮ ಉಪಾಧ್ಯಾಯರ ಮೂಲಕ ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ. ಆ ಪತ್ರದಲ್ಲಿ ಡಬ್ಬ ಎಲ್ಲಿ ಸಿಕ್ಕಿತು, ಯಾರ ಬಳಿ ಇದೆ, ಮುಚ್ಚಳದ ಬಳಿ ಯಾವ ವಾಸನೆ ಬರುತ್ತಿದೆ ಎಂಬುದನ್ನು ತಪ್ಪದೆ ತಿಳಿಸಿ.